ಗಂಟಲು ಸುಡುವ ಎಣ್ಣೆಯ ದಿಯಾಮಾಂತೊ

ದಕ್ಷಿಣ ಗ್ರೀಸಿನ ತಾಯ್ಗೆತೊಸ್ ಬೆಟ್ಟದ ಬೆನ್ನಿಗೆ ಬೆಳಕು ತಾಗಿದೆ, ಕೆಳಗಿನ ಪೆತ್ರೊವೂನಿ ಊರಿಗೆ ಬಿಸಿಲು ಇಳಿಯುವುದಕ್ಕೆ ಇನ್ನೂ ಹೊತ್ತಿದೆ. ಊರಿನ ಗಾಣದೊಳಗೆ ದಿಯಾಮಾಂತೊ ಲಿವಾನೇಯಾ ಆಗಲೇ ತೋಳು ಮಡಚಿದ್ದಾಳೆ. ಆಲಿವ್ ಕಾಯಿ ಅರೆದ ಹಿಟ್ಟು ನಾದುವ ಉಕ್ಕಿನ ತೊಟ್ಟಿಯೊಳಗೆ ಸೊಂಟದವರೆಗೆ ಬಗ್ಗಿ, ಮೂಲೆಮೂಲೆಯನ್ನೂ ಬಟ್ಟೆಯಿಂದ ಒರೆಸುತ್ತಿದ್ದಾಳೆ. ಬರೀ ಬಿಸಿನೀರಿನಿಂದ; ಸೋಪು ಈ ತೊಟ್ಟಿಯ ಹತ್ತಿರ ಸುಳಿಯುವ ಹಾಗಿಲ್ಲ. ಒರೆಸಿ ಮುಗಿಸಿದ ಮೇಲೆ ತಲೆ ಒಳಗೆ ಹಾಕಿ ಒಮ್ಮೆ ಮೂಸುತ್ತಾಳೆ. ನಿನ್ನೆ ಎಣ್ಣೆ ತೆಗೆದುಕೊಂಡು ಹೋದ ಮನೆಯವರ ಕಾಯಿಯ ವಾಸನೆ ಚೂರು ಉಳಿದಿದ್ದರೂ ಮತ್ತೆ ನೀರು ಕಾಯಿಸುತ್ತಾಳೆ.

ಹೊರಗೆ ಪಿಕಪ್ ಗಾಡಿಗಳು ಸಾಲುಗಟ್ಟಿವೆ. ನವೆಂಬರ್ ಅಂದರೆ ಇಲ್ಲಿ ಯಾರಿಗೂ ನಿದ್ದೆಯಿಲ್ಲ. ಒಲೆಯ ಪಕ್ಕದ ಬೆಂಚಿನ ಮೇಲೆ ಪನೋರಿಯಾಜ್ಜಿ ಆಗಲೇ ಜಾಗ ಹಿಡಿದಿದ್ದಾಳೆ. ಅವಳ ಕಾಯಿ ನಿನ್ನೆಯೇ ಅರೆದಾಗಿದೆ, ಎಣ್ಣೆ ಮನೆ ಸೇರಿದೆ. ಆದರೂ ಸುಗ್ಗಿ ಮುಗಿಯುವವರೆಗೆ ಅಜ್ಜಿ ಬೆಳಗಾದರೆ ಇಲ್ಲೇ ಹಾಜರು. "ಮನೇಲಿ ಗೋಡೆ ನೋಡ್ಕೊಂಡು ಕೂತ್ಕೊಳ್ಳೋ ಬದಲು ಇಲ್ಲಿ ನಿಮ್ಮ ಮುಖ ನೋಡ್ತೀನಿ. ಎರಡೂ ಅಷ್ಟಕ್ಕಷ್ಟೇ," ಅನ್ನುತ್ತಾಳೆ.

ದಿಯಾಮಾಂತೊಗೆ ಅರವತ್ತು ದಾಟಿದೆ. ಪರಿಮಳದ ಸೋಪು ಹಚ್ಚುವುದಿಲ್ಲ, ಸುಗ್ಗಿಯ ದಿನಗಳಲ್ಲಿ ಬೆಳ್ಳುಳ್ಳಿ ಮುಟ್ಟುವುದಿಲ್ಲ, ಮೊದಲ ಎಣ್ಣೆ ನಾಲಿಗೆಗೆ ತಾಗುವವರೆಗೆ ಕಾಫಿ ಕುಡಿಯುವುದಿಲ್ಲ. ಮದುವೆ ಮನೆಗೆ ಹೋದರೆ ಸೆಂಟು ಪೂಸಿಕೊಂಡವರಿಂದ ನಾಲ್ಕು ಹೆಜ್ಜೆ ದೂರವೇ ನಿಲ್ಲುತ್ತಾಳೆ. ಹುಡುಗಿಯಾಗಿ ಇಲ್ಲಿ ಕಸ ಗುಡಿಸಲು ಬಂದವಳು. ಆಗ ಕಲ್ಲಿನ ಚಕ್ರಗಳಿದ್ದವು, ನಾರಿನ ಚಾಪೆಗಳಿದ್ದವು. ಈಗ ಎಲ್ಲ ಉಕ್ಕು. ಬದಲಾಗದೆ ಉಳಿದದ್ದು ಆಕೆಯ ಕೆಲಸ ಒಂದೇ: ಬಂದ ಕಾಯಿಗೆ ಕೈ ಹಾಕಿ, ಮೂಸಿ, ಇದು ತಿನ್ನುವ ಎಣ್ಣೆಯೋ ದೀಪದ ಎಣ್ಣೆಯೋ ಎಂದು ಹೇಳುವುದು. ಆಮೇಲೆ ಹಿಟ್ಟು ನಾದುವಾಗ ಅದು ಬಿಸಿ ಏರದ ಹಾಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು.

ಈ ಕಾಯುವುದರಲ್ಲಿಯೇ ಜಗಳವೆಲ್ಲ ಇರುವುದು. ಹಿಟ್ಟನ್ನು ಇಪ್ಪತ್ತೇಳು ಡಿಗ್ರಿ ದಾಟಿಸಿ ಬೆಚ್ಚಗೆ ಮಾಡಿದರೆ ಎಣ್ಣೆ ಜಾಸ್ತಿ ಬಿಡುತ್ತದೆ, ಆದರೆ ಅದರ ಘಾಟು ಹೋಗುತ್ತದೆ, ಸತ್ವ ಹೋಗುತ್ತದೆ. ಕೊಳವೆಯ ಬಾಯಿಗೆ ಕಣ್ಣು ನೆಟ್ಟು ನಿಂತ ಮನೆಯವರಿಗೆ ತೆಳ್ಳಗೆ ಬೀಳುವ ಧಾರೆ ನೋಡಿ ಜೀವ ತಡೆಯುವುದಿಲ್ಲ. "ಇನ್ನೊಂದು ಚೂರು ಬಿಸಿ ಮಾಡೇ ಮಾರಾಯ್ತಿ, ವರ್ಷವಿಡೀ ದುಡಿದಿದೀವಿ," ಎಂದು ಬೇಡುತ್ತಾರೆ, ಬೈಯುತ್ತಾರೆ. ಆಕೆ ಜಗ್ಗುವುದಿಲ್ಲ. "ಜಾಸ್ತಿ ಬೇಕಾ, ಒಳ್ಳೇದು ಬೇಕಾ, ಮನೇಲಿ ಮಾತಾಡ್ಕೊಂಡು ಬನ್ನಿ. ಇಲ್ಲಿ ಒಳ್ಳೇದು ಮಾತ್ರ ಸಿಗುತ್ತೆ."

ಹಿಂದಿನವರು ಕಾಯಿ ಕಪ್ಪಾಗಿ ಮೆತ್ತಗಾಗುವವರೆಗೆ ಮರದಲ್ಲೇ ಬಿಡುತ್ತಿದ್ದರು. ಗಂಟಲಿಗೆ ಚುರುಕ್ಕೆನ್ನದ, ಸಪ್ಪೆಯಾದ, ಸಿಹಿ ಎಣ್ಣೆಯೇ ಒಳ್ಳೆಯದು ಅನ್ನುವ ನಂಬಿಕೆ. ಹಸಿರು ಕಾಯಿಯ ಎಣ್ಣೆ ಕುಡಿದು ಕೆಮ್ಮು ಬಂದರೆ ಕೆಟ್ಟಿದೆ ಎಂದು ಮೂಗು ಮುರಿಯುತ್ತಿದ್ದರು. ಆ ಮನಸ್ಸು ತಿರುಗಿಸುವುದಕ್ಕೆ ದಿಯಾಮಾಂತೊಗೆ ಅರ್ಧ ಆಯಸ್ಸು ಬೇಕಾಯಿತು. ಈಗಲೂ ಅಥೆನ್ಸ್‌ನಿಂದ ಯಾರಾದರೂ ಫೋನು ಮಾಡಿ, "ನಿಮ್ಮ ಎಣ್ಣೆ ಗಂಟಲು ಸುಡುತ್ತೆ," ಎಂದು ದೂರಿದರೆ ಗಾಣದ ಯಜಮಾನ ಥ್ರಾಸೊಸ್ ಫೋನನ್ನು ಆಕೆಯ ಕೈಗೇ ಕೊಟ್ಟುಬಿಡುತ್ತಾನೆ. "ಸುಡಬೇಕು ಕಣಮ್ಮಾ," ಅನ್ನುತ್ತಾಳೆ ಆಕೆ. "ಸುಡೋದು ನಿಂತ ದಿನ ಫೋನ್ ಮಾಡಿ. ಮತ್ತೆ ಆ ಸೀಸೇನ ಕಿಟಕೀಲಿ ಬಿಸಿಲಿಗೆ ಇಟ್ಟಿದೀರೇನು? ತೆಗೀರಿ, ಕತ್ತಲಲ್ಲಿ ಇಡಿ."

ಊರಿನ ಆರೋಗ್ಯ ಕೇಂದ್ರಕ್ಕೆ ಬಂದುಹೋಗುವ ಡಾಕ್ಟರ್ ಉರಾನಿಯಾ ಈ ಎಣ್ಣೆಯ ಬಗ್ಗೆ ಅಳೆದು ತೂಗಿ ಮಾತಾಡುತ್ತಾರೆ. "ಮಾತ್ರೆ ಬಿಟ್ಟು ಎಣ್ಣೆ ಕುಡೀರಿ ಅಂತ ನಾನು ಯಾರಿಗೂ ಹೇಳಲ್ಲ. ಬೆಣ್ಣೆ ಜಾಗಕ್ಕೆ, ಕರಿದ ತಿಂಡಿ ಜಾಗಕ್ಕೆ ಇದು ಬರಲಿ ಅಂತೀನಿ. ಬೇಯಿಸಿದ ಸೊಪ್ಪಿನ ಮೇಲೆ, ಬೇಳೆ ಮೇಲೆ ಹಸಿಯಾಗೇ ಸುರ್ಕೊಂಡು ತಿನ್ನಲಿ. ಹೃದಯಕ್ಕೆ, ರಕ್ತನಾಳಕ್ಕೆ ಒಳ್ಳೇದು. ಗಂಟಲಿಗೆ ಘಾಟು ಹೊಡಿಯುತ್ತಲ್ಲ, ಆ ಸತ್ವ ಮೈಯೊಳಗಿನ ಉರಿಯೂತಾನ ತಗ್ಗಿಸುತ್ತೆ ಅಂತ ಅಧ್ಯಯನಗಳು ಹೇಳ್ತವೆ. ಆದ್ರೆ ಎಣ್ಣೆ ತಾಜಾ ಇರ್ಬೇಕು, ಕಾಯಿ ಕೆಟ್ಟಿರ್ಬಾರ್ದು. ಅದನ್ನ ನೋಡೋದು ನನ್ನ ಕೆಲಸ ಅಲ್ಲ, ದಿಯಾಮಾಂತೊ ಕೆಲಸ."

ಗಾಣದಿಂದ ಮಾರಾಟಕ್ಕೆ ಹೋಗುವ ಸೀಸೆಯ ಮೇಲೆ ಥ್ರಾಸೊಸನ ಮನೆತನದ ಹೆಸರಿದೆ, ಯಾವುದೋ ಸ್ಪರ್ಧೆಯಲ್ಲಿ ಬಂದ ಬೆಳ್ಳಿ ಪದಕದ ಚಿತ್ರವೂ ಇದೆ. ದಿಯಾಮಾಂತೊ ಹೆಸರು ಎಲ್ಲೂ ಇಲ್ಲ. ಕೇಳಿದರೆ ಕೈ ಝಾಡಿಸುತ್ತಾಳೆ. "ನನ್ನ ಹೆಸರು ಹಾಕಿದ್ರೆ ಎಣ್ಣೆಗೆ ರುಚಿ ಜಾಸ್ತಿ ಆಗುತ್ತಾ?" ಮದುವೆಯಾಗಲಿಲ್ಲ. ಗಾಣದ ಹಿಂದಿನ ಎರಡು ಕೋಣೆಯಲ್ಲಿ ವಾಸ. ಒಡಹುಟ್ಟಿದವನು ಅಂತ ಇರುವುದು ಒಬ್ಬನೇ, ಅಣ್ಣ ಪಿಯೆರೊಸ್. ಇಬ್ಬರೂ ಇದೇ ಊರಿನವರು, ಆದರೆ ಅಣ್ಣ ತಂಗಿ ಎಣ್ಣೆ ಸೀಗೆಕಾಯಿಯಾಗಿ ವರ್ಷಗಳೇ ಆಗಿವೆ. ಅದಕ್ಕೂ ಕಾರಣ ಈ ಕೆಲಸವೇ.

ಅದು ಕಾಯಿ ಮರ ಮುರಿಯುವಂತೆ ಬಿಟ್ಟ ವರ್ಷ. ಪಿಯೆರೊಸ್ ಪ್ಲಾಸ್ಟಿಕ್ ಚೀಲಗಳಲ್ಲಿ ಕಾಯಿ ತುಂಬಿಕೊಂಡು ಬಂದ. ದಿಯಾಮಾಂತೊ ಚೀಲದೊಳಗೆ ಕೈ ಹಾಕಿದಳು; ಜ್ವರ ಬಂದವರ ಹಾಸಿಗೆಯ ಹಾಗೆ ಬಿಸಿಯಾಗಿತ್ತು. ಹಸಿ ಹುಲ್ಲು ಕೊಳೆತ ವಾಸನೆ. ದಿನಗಟ್ಟಲೆ ಚೀಲದಲ್ಲೇ ಬಿಟ್ಟ ಕಾಯಿ ಎನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಸಾಲಿನಲ್ಲಿ ನಿಂತ ಅಷ್ಟೂ ಜನರ ಎದುರು ಎಲ್ಲರಿಗೂ ಹೇಳುವ ಹಾಗೆಯೇ ಹೇಳಿದಳು: "ಇದು ದೀಪದ ಎಣ್ಣೆ. ಬೇರೆ ತೊಟ್ಟಿಗೆ ಹಾಕಿ."

ಆ ಚೀಲಗಳು ಕೊಟ್ಟಿಗೆಯಲ್ಲಿ ಬಿಸಿಯೇರುತ್ತ ಕೂತ ದಿನಗಳಲ್ಲಿ ಪಿಯೆರೊಸ್ ಕಲಮಾತಾ ಪಟ್ಟಣದ ಆಸ್ಪತ್ರೆಯಲ್ಲಿ ಹೆಂಡತಿ ವಾಸಿಲೊಳ ಮಂಚದ ಪಕ್ಕ ಕೂತಿದ್ದ. ಕ್ರಿಸ್‌ಮಸ್ ಬರುವುದರೊಳಗೆ ವಾಸಿಲೊ ತೀರಿಕೊಂಡಳು. ಸಮಾಧಿಯ ಹತ್ತಿರ ಸಂತಾಪ ಹೇಳಲು ಬಂದವರೆಲ್ಲರ ಕೈ ಹಿಡಿದ ಪಿಯೆರೊಸ್, ತಂಗಿಯ ಚಾಚಿದ ಕೈಯನ್ನು ದಾಟಿ ಮುಂದಿನವರ ಕೈ ಹಿಡಿದ. ದೀಪದ ಎಣ್ಣೆ ಎಂದು ಅನ್ನಿಸಿಕೊಂಡ ಆ ಎಣ್ಣೆ ವಾಸಿಲೊಳ ಸಮಾಧಿಯ ದೀಪಕ್ಕೇ ಆಯಿತು. ಮುಂದಿನ ಸುಗ್ಗಿಯಿಂದ ಅವನು ಬೆಟ್ಟದ ತಿರುವು ಸುತ್ತಿ ಆಚೆ ಕಣಿವೆಯ ಗಾಣಕ್ಕೆ ಹೋಗತೊಡಗಿದ.

"ವಾಸಿಲೊ ಆಸ್ಪತ್ರೆ ಸೇರಿದ್ದು ನಂಗೆ ಗೊತ್ತಿತ್ತು," ಅನ್ನುತ್ತಾಳೆ ದಿಯಾಮಾಂತೊ, ತೊಟ್ಟಿಯ ಅಂಚು ಒರೆಸುತ್ತ. "ಗೊತ್ತಿಲ್ದೆ ಇದ್ದಿದ್ರೆ ಬೇರೆ ಮಾತು. ಆ ಹೊತ್ತಿಗೆ ನೆನಪಾಗ್ಲಿಲ್ಲ. ಚೀಲದೊಳಗೆ ಕೈ ಹಾಕಿದ್ನಲ್ಲ, ಆಮೇಲೆ ಕಾಯಿ ಒಂದೇ ಕಾಣಿಸ್ತಿತ್ತು." ಇದನ್ನು ಹೇಳುವಾಗ ಆಕೆಯ ಕಣ್ಣು ತುಂಬುತ್ತದೆ. ಅಳುವುದಿಲ್ಲ, ತೋಳಿನಿಂದ ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಾಳೆ.

ಈ ಬೆಳಗ್ಗೆ ಸಾಲಿನ ತುದಿಗೆ ಬಂದು ನಿಂತ ಹಳೆಯ ನೀಲಿ ಪಿಕಪ್ ಪಿಯೆರೊಸನದು. ಆಚೆ ಕಣಿವೆಯ ಗಾಣ ಯಂತ್ರ ಮುರಿದು ನಿಂತಿದೆ, ಬಿಡಿಭಾಗ ಬರುವುದಕ್ಕೆ ವಾರ ಬೇಕು. ಅಷ್ಟು ದಿನ ಕಾದರೆ ಕಾಯಿ ಕೆಡುತ್ತದೆ. ಹೋದ ವರ್ಷ ಕಾಯಿ ಕೊರೆಯುವ ನೊಣ ಬಿದ್ದು ಅವನ ಮರಗಳಲ್ಲಿ ಒಂದು ಕಾಯಿಯೂ ನೆಟ್ಟಗೆ ಉಳಿಯಲಿಲ್ಲ, ವರ್ಷವಿಡೀ ಅಂಗಡಿಯ ಸೂರ್ಯಕಾಂತಿ ಎಣ್ಣೆ ತಿಂದ. ವಸಂತದಲ್ಲಿ ಎದೆನೋವು ಬಂದು, ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದಾನೆ. ಮಾತ್ರೆಯ ಜೊತೆಗೆ ನಿಮ್ಮ ಮರದ್ದೇ ಹಸಿ ಎಣ್ಣೆ ತಿನ್ನಿ ಎಂದು ಡಾಕ್ಟರ್ ಉರಾನಿಯಾ ಅವನಿಗೆ ಹೇಳಿದ್ದಾರೆ. ಈ ಗಾಡಿಯಲ್ಲಿರುವ ಕಾಯಿಯಿಂದಲೇ ಅವನ ಮನೆಗೆ ಮತ್ತೆ ಸ್ವಂತ ಎಣ್ಣೆ ಬರಬೇಕು.

ಅವನ ಸರದಿ ಬರುತ್ತದೆ. ದಿಯಾಮಾಂತೊ ಗಾಡಿಯ ಹತ್ತಿರ ಹೋಗುತ್ತಾಳೆ. ಚೀಲಗಳಿಲ್ಲ, ಗಾಳಿಯಾಡುವ ಮರದ ಪೆಟ್ಟಿಗೆಗಳಿವೆ. ಎಲೆ, ಕಡ್ಡಿ ಆರಿಸಿ ತೆಗೆದಿದ್ದಾನೆ. ಕಾಯಿ ಹಸಿರು, ಅಲ್ಲಲ್ಲಿ ನೇರಳೆ. ಆಕೆ ಮೊದಲ ಪೆಟ್ಟಿಗೆಗೆ ಕೈ ಇಳಿಸುತ್ತಾಳೆ, ತಣ್ಣಗಿದೆ. ಎರಡನೆಯದಕ್ಕೂ ಇಳಿಸುತ್ತಾಳೆ. ಪಿಯೆರೊಸ್ ಬೆಟ್ಟದ ಕಡೆ ನೋಡುತ್ತ ನಿಂತಿದ್ದಾನೆ.

"ಚೆನ್ನಾಗಿದೆ," ಅನ್ನುತ್ತಾಳೆ ಆಕೆ.

ಅವನು ಥ್ರಾಸೊಸನನ್ನು ಕೇಳುತ್ತಾನೆ, "ಯಾವಾಗ ಅರೀತೀರಿ?"

ಥ್ರಾಸೊಸ್ ಪೆಟ್ಟಿಗೆಗಳ ಮೇಲೆ ಕಣ್ಣಾಡಿಸಿ ತಲೆ ಕೆರೆದುಕೊಳ್ಳುತ್ತಾನೆ. "ಇಷ್ಟೇನಾ ಪಿಯೆರೊ? ತೊಟ್ಟಿಯೊಳಗೆ ತಿರುಗೋ ಅಲಗಿಗೂ ಸಿಗಲ್ಲ. ಗೋಡೆಗೆ ಮೆತ್ಕೊಂಡು ಅಲ್ಲೇ ಒಣಗುತ್ತೆ. ಉಳಿದಿದ್ದು?"

"ಒಬ್ಬನೇ ಬಡಿದು ಉದುರಿಸಬೇಕು. ಎದೆ ಮೊದಲಿನ ಹಾಗಿಲ್ಲ. ಇನ್ನೂ ಮರದಲ್ಲೇ ಇದೆ."

"ಹಾಗಾದ್ರೆ ಸೀಸೆಗೆ ತುಂಬೋಕೆ ಊರವರಿಂದ ಕೊಂಡ ಕಾಯಿ ಜೊತೆ ಸೇರಿಸ್ತೀನಿ. ತೂಕಕ್ಕೆ ತಕ್ಕಷ್ಟು ಎಣ್ಣೆ ತಗೊಂಡು ಹೋಗು."

"ಊರವರ ಎಣ್ಣೆ ನಂಗೆ ಬೇಡ. ನನ್ನ ಮರದ್ದು ಬೇಕು."

ಇದನ್ನು ಹಟ ಎಂದು ಇಲ್ಲಿ ಯಾರೂ ಕರೆಯುವುದಿಲ್ಲ. ಪೆತ್ರೊವೂನಿಯಲ್ಲಿ ಪ್ರತಿ ಮನೆಯವರೂ ತಮ್ಮ ಮರದ ಎಣ್ಣೆಯನ್ನೇ ತಿನ್ನುತ್ತಾರೆ. ಮಗುವಿನ ದೀಕ್ಷಾಸ್ನಾನಕ್ಕೆ ಮೈಗೆ ಸವರುವುದೂ ಅದನ್ನೇ. ಇನ್ನೊಬ್ಬರ ಕಾಯಿಯ ಜೊತೆ ಬೆರೆಸುವುದು ಅಂದರೆ ಅವರ ಮನೆಯ ಜೊತೆ ನಂಟು ಮಾಡಿದ ಹಾಗೆ. ನೆರೆಹೊರೆಯವರಾದರೂ ಸುಮ್ಮಸುಮ್ಮನೆ ಬೆರೆಸುವುದಿಲ್ಲ. ಈ ಕಟ್ಟುಪಾಡು ಕಾಯುವವಳು ದಿಯಾಮಾಂತೊ. ಒಂದು ಮನೆಯ ಹನಿ ಇನ್ನೊಂದು ಮನೆಗೆ ಹೋಗದ ಹಾಗೆ ಆಕೆ ತೊಟ್ಟಿ ತೊಳೆಯುವುದು ಅದಕ್ಕೇ.

"ನಾಳೆ ಇನ್ನೊಂದಿಷ್ಟು ತರ್ತೀನಿ," ಅನ್ನುತ್ತಾನೆ ಪಿಯೆರೊಸ್.

"ನಾಳೆ ಮಳೆ ಕಣೋ. ನಾಡಿದ್ದೂ ಮಳೆ. ಅಲ್ಲೀವರೆಗೆ ಇದು ಉಳಿಯುತ್ತಾ?"

ಪಿಯೆರೊಸ್ ಪೆಟ್ಟಿಗೆಯ ಮೇಲೆ ಕೂತುಬಿಡುತ್ತಾನೆ. ಮುಖ ಬಿಳಿಚಿದೆ. ಏನು ಮಾಡಬೇಕೆಂದು ಅವನಿಗೆ ಹೊಳೆಯುತ್ತಿಲ್ಲ, ಯಾರಿಗೂ ಹೊಳೆಯುತ್ತಿಲ್ಲ. ಗಾಣದ ಮೂಲೆಯಲ್ಲಿ ಇನ್ನೊಂದಿಷ್ಟು ಪೆಟ್ಟಿಗೆಗಳಿವೆ, ಅವು ದಿಯಾಮಾಂತೊಳವು. ಅಪ್ಪನ ತೋಟದ ಮೇಲಿನ ಅರ್ಧ ಅಣ್ಣನಿಗೆ ಬಂದಿತ್ತು, ಕೆಳಗಿನ ಅರ್ಧ ಆಕೆಗೆ. ನಡುವೆ ಕಲ್ಲಿನ ಮೋಟುಗೋಡೆ. ಕೆಲಸದವಳ ಕಾಯಿಗೆ ಸರದಿಯಿಲ್ಲ, ಊರವರದ್ದೆಲ್ಲ ಮುಗಿದು ಬಿಡುವು ಸಿಕ್ಕಾಗ ಅರೆಯುವುದು.

"ನಂದು ಇದೆ," ಅನ್ನುತ್ತಾಳೆ ಆಕೆ. "ನಿನ್ನೆ ಸಂಜೆ ಕಿತ್ತಿದ್ದು. ಎರಡೂ ಸೇರಿದ್ರೆ ತೊಟ್ಟಿ ತುಂಬುತ್ತೆ."

ಪಿಯೆರೊಸ್ ನೆಲ ನೋಡುತ್ತಾನೆ. "ಬೇಡ."

"ಎಣ್ಣೆ ಅಷ್ಟೂ ನೀನೇ ತಗೊಂಡು ಹೋಗು. ನಂಗೆ ಹನೀನೂ ಬೇಡ."

"ಭಿಕ್ಷೆ ಬೇಡೋಕೆ ಬಂದಿಲ್ಲ ನಾನು."

ಪನೋರಿಯಾಜ್ಜಿಗೆ ತಡೆಯುವುದಿಲ್ಲ. "ಅಲ್ಲ ಕಣೋ, ನಿಮ್ಮಪ್ಪ ಆ ಸಸಿ ನೆಡೋವಾಗ ನಾನು ನೋಡಿದೀನಿ. ಗುಂಡಿ ತೋಡಿ ತೋಡಿ ಸೊಂಟ ಹಿಡ್ಕೊಂಡು ಕೂತಿದ್ದ. ಆಗ ಆ ಗೋಡೆ ಇತ್ತೇನೋ? ಮೇಲಿನ ಮರಕ್ಕೆ ಒಬ್ಬಪ್ಪ, ಕೆಳಗಿನ ಮರಕ್ಕೆ ಇನ್ನೊಬ್ಬಪ್ಪ ಇದ್ನಾ?" ಯಾರೋ ನಗಲು ಹೋಗಿ ತಡೆದುಕೊಳ್ಳುತ್ತಾರೆ.

"ಅಜ್ಜಿ, ನೀನು ಸುಮ್ನಿರು," ಅನ್ನುತ್ತಾಳೆ ದಿಯಾಮಾಂತೊ. ಆಮೇಲೆ ಅಣ್ಣನ ಎದುರು ಬಂದು ನಿಲ್ಲುತ್ತಾಳೆ. ಅವತ್ತು ಸಾಲಿನಲ್ಲಿದ್ದವರಲ್ಲಿ ಅರ್ಧ ಜನ ಇವತ್ತೂ ಇದ್ದಾರೆ. ಎಲ್ಲರಿಗೂ ಕೇಳುವ ಹಾಗೆಯೇ ಹೇಳುತ್ತಾಳೆ.

"ಅವತ್ತು ನಿನ್ನ ಕಾಯಿ ಕೆಟ್ಟಿತ್ತು ಅಣ್ಣಾ. ಅದು ಸುಳ್ಳಲ್ಲ, ಇವತ್ತಾದ್ರೂ ಹಾಗೇ ಹೇಳ್ತೀನಿ. ಆದ್ರೆ ಯಾಕೆ ಕೆಡ್ತು ಅಂತ ಕೇಳ್ಬೇಕಿತ್ತು. ವಾಸಿಲೊ ಹೇಗಿದಾಳೆ ಅಂತ ಮೊದ್ಲು ಕೇಳ್ಬೇಕಿತ್ತು. ಕೇಳ್ಲಿಲ್ಲ. ಊರೆದುರು ನಿನ್ನ ತಲೆ ತಗ್ಗಿಸಿದೆ. ಅದು ನನ್ನ ತಪ್ಪು."

ಒಲೆಯ ಸೌದೆ ಚಟಪಟ ಅನ್ನುತ್ತದೆ, ಹೊರಗೆ ಯಾರದೋ ಗಾಡಿ ಇನ್ನೂ ಗುರುಗುಟ್ಟುತ್ತಿದೆ. ಪಿಯೆರೊಸ್ ಏಳುತ್ತಾನೆ. ಮೂಲೆಗೆ ಹೋಗಿ ದಿಯಾಮಾಂತೊಳ ಪೆಟ್ಟಿಗೆಯೊಂದಕ್ಕೆ ತನ್ನ ಕೈ ಇಳಿಸುತ್ತಾನೆ, ಒಂದು ಹಿಡಿ ಕಾಯಿ ತೆಗೆದು ಮೂಗಿನ ಹತ್ತಿರ ಹಿಡಿಯುತ್ತಾನೆ. "ಕೆಳಗಿನ ಮರ ಈ ಸಲ ಚೆನ್ನಾಗಿ ಬಿಟ್ಟಿದೆ," ಅನ್ನುತ್ತಾನೆ, ಯಾರಿಗೂ ಅಲ್ಲ. ಆಮೇಲೆ ಥ್ರಾಸೊಸನ ಕಡೆ ತಿರುಗಿ, "ಸುರೀರಿ. ಎಣ್ಣೆ ಅರ್ಧ ಅರ್ಧ. ಅದಕ್ಕೆ ಒಪ್ಪೋದಾದ್ರೆ ಮಾತ್ರ."

"ಅವಳದ್ದು ಜಾಸ್ತಿ ಇದೆ ಕಣೋ," ಅನ್ನುತ್ತಾನೆ ಥ್ರಾಸೊಸ್, ವ್ಯಾಪಾರಸ್ಥನ ಬುದ್ಧಿ ಬಿಡದೆ.

"ನಿನ್ನನ್ನ ಕೇಳಿದ್ರಾ ಯಾರಾದ್ರೂ?" ಅನ್ನುತ್ತಾಳೆ ಪನೋರಿಯಾಜ್ಜಿ.

ಎರಡು ಕಡೆಯ ಕಾಯಿಯನ್ನೂ ಒಟ್ಟಿಗೆ ತೊಳೆದು, ಅರೆದು, ತೊಟ್ಟಿಗೆ ಇಳಿಸುತ್ತಾರೆ. ಅಲಗುಗಳು ನಿಧಾನ ತಿರುಗುತ್ತವೆ. ದಿಯಾಮಾಂತೊ ಹಿಟ್ಟಿನ ಮೇಲೆ ಬಗ್ಗಿದ್ದಾಳೆ, ಮಾಮೂಲಿಗಿಂತ ಹೆಚ್ಚು ಹೊತ್ತು ಬಗ್ಗಿದ್ದಾಳೆ. ಹಸಿ ಟೊಮೆಟೊ ಎಲೆಯ ವಾಸನೆ, ಆಗಷ್ಟೇ ಕೊಯ್ದ ಹುಲ್ಲಿನ ವಾಸನೆ ಗಾಣ ತುಂಬುತ್ತದೆ. ಹೊರಗೆ ಮೋಡ ಕಟ್ಟುತ್ತಿದೆ, ಸಾಲು ಕರಗುತ್ತಿಲ್ಲ. ಥ್ರಾಸೊಸ್ ಗಡಿಯಾರ ನೋಡಿಕೊಂಡು ಬಿಸಿ ಏರಿಸುವ ತಿರುಪಿಗೆ ಕೈ ಹಾಕುತ್ತಾನೆ. "ಒಂಚೂರು ಏರಿಸ್ತೀನಿ. ಬೇಗ ಮುಗೀಲಿ, ನಿಮಗೂ ನಾಲ್ಕು ಹನಿ ಜಾಸ್ತಿ."

ದಿಯಾಮಾಂತೊ ಬಾಯಿ ತೆರೆಯುವ ಮೊದಲೇ ತೊಟ್ಟಿಯ ಆಚೆ ಬದಿಯಿಂದ ಪಿಯೆರೊಸ್ ಹೇಳುತ್ತಾನೆ, "ಮುಟ್ಟಬೇಡ. ಅವಳಿಗೆ ಬಿಡು."

ಆಕೆ ತಲೆ ಎತ್ತುವುದಿಲ್ಲ. ಬಗ್ಗಿದ್ದಲ್ಲೇ ತುಟಿ ಕಚ್ಚಿಕೊಳ್ಳುತ್ತಾಳೆ.

ಕೊನೆಗೆ ಕೊಳವೆಯ ಬಾಯಿಂದ ಎಣ್ಣೆ ಬೀಳುತ್ತದೆ, ತೆಳ್ಳಗೆ, ಕಣ್ಣಿಗೆ ಹೊಡೆಯುವಷ್ಟು ಹಸಿರು. ಪನೋರಿಯಾಜ್ಜಿ ಒಲೆಯ ಮೇಲೆ ರೊಟ್ಟಿಯ ಹೋಳುಗಳನ್ನು ಸುಟ್ಟು ಸಿದ್ಧ ಮಾಡಿದ್ದಾಳೆ. ಹೊಸ ಎಣ್ಣೆ ಬಂದ ಮನೆಯವರು ಅದನ್ನು ರೊಟ್ಟಿಗೆ ಸುರಿದು, ಉಪ್ಪು ಉದುರಿಸಿ, ಕಾದು ನಿಂತವರಿಗೆಲ್ಲ ಹಂಚಬೇಕು. ಮೊದಲ ಹೋಳು ಹಿಟ್ಟು ನಾದಿದವರ ಕೈಗೆ ಕೊಡಬೇಕು. ಇಲ್ಲಿ ಇದನ್ನು ಮರೆತವರಿಲ್ಲ.

ಪಿಯೆರೊಸ್ ರೊಟ್ಟಿಗೆ ಧಾರಾಳವಾಗಿ ಎಣ್ಣೆ ಸುರಿಯುತ್ತಾನೆ. ಮೊದಲ ಹೋಳು ಹಿಡಿದು ತಂಗಿಯ ಕಡೆ ಬರುತ್ತಾನೆ. ಆಕೆ ಕೈ ಒರೆಸಿಕೊಂಡು ನಿಂತಿದ್ದಾಳೆ. ಎಲ್ಲರೂ ನೋಡುತ್ತಿದ್ದಾರೆ. ಅವನು ಎದುರಿಗೆ ಬಂದು ನಿಲ್ಲುತ್ತಾನೆ, ಕೈ ಅರ್ಧ ಮುಂದೆ ಬರುತ್ತದೆ. ಆಮೇಲೆ ಹೋಳನ್ನು ತೊಟ್ಟಿಯ ಅಂಚಿನ ಮೇಲೆ ಇಟ್ಟು ತಿರುಗಿ ಹೋಗುತ್ತಾನೆ, ಉಳಿದವರಿಗೆ ಒಂದೊಂದಾಗಿ ಕೈಗೆ ಕೊಡುತ್ತಾನೆ.

ದಿಯಾಮಾಂತೊ ಆ ಹೋಳನ್ನು ಎತ್ತಿಕೊಂಡು ತಿನ್ನುತ್ತಾಳೆ. ಮೊದಲು ಕಹಿ. ನುಂಗಿದ ಮೇಲೆ ಘಾಟು ಗಂಟಲು ಹಿಡಿಯುತ್ತದೆ, ಕೆಮ್ಮು ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಅತ್ತ ಬಾಗಿಲ ಹತ್ತಿರ ಪಿಯೆರೊಸನೂ ಕೆಮ್ಮುತ್ತಿದ್ದಾನೆ, ಎದೆ ಹಿಡಿದುಕೊಂಡು ಜೋರಾಗಿ. "ಕೆಮ್ಮು, ಕೆಮ್ಮು," ಅನ್ನುತ್ತಾಳೆ ಪನೋರಿಯಾಜ್ಜಿ. "ಡಾಕ್ಟರಮ್ಮ ಹೇಳಿದ ಔಷಧಿ ಅದೇ."

ಎಣ್ಣೆಯನ್ನು ಡಬ್ಬಗಳಿಗೆ ಅರ್ಧ ಅರ್ಧ ತುಂಬಿಸಿ, ಪಿಯೆರೊಸ್ ನೀಲಿ ಗಾಡಿ ಹತ್ತಿ ಹೋಗುತ್ತಾನೆ. ಬರುತ್ತೇನೆ ಎಂದು ಎಲ್ಲರಿಗೂ ಸೇರಿಸಿ ಹೇಳುತ್ತಾನೆ. ಮಳೆಯ ಮೊದಲ ಹನಿಗಳು ತಗಡಿನ ಮೇಲೆ ಬೀಳುತ್ತಿವೆ. ಮುಂದಿನ ಮನೆಯವರು ಆಗಲೇ ಪೆಟ್ಟಿಗೆ ಇಳಿಸುತ್ತಿದ್ದಾರೆ, ದಿಯಾಮಾಂತೊ ತೊಟ್ಟಿಗೆ ಬಿಸಿನೀರು ಸುರಿಯುತ್ತಿದ್ದಾಳೆ.

"ಈಗ ಸಮಾಧಾನ ಆಯ್ತೇನೇ?" ಎಂದು ಅಜ್ಜಿ ಕೇಳುತ್ತಾಳೆ. "ಅಷ್ಟು ಜನರ ಮುಂದೆ ತಪ್ಪು ಒಪ್ಕೊಂಡೆ. ಅವನು ನೋಡಿದ್ರೆ ರೊಟ್ಟೀನ ತೊಟ್ಟಿ ಮೇಲೆ ಇಟ್ಟು ಹೋದ. ಇನ್ನೇನು ಬೇಕಂತೆ ಅವನಿಗೆ?"

ದಿಯಾಮಾಂತೊ ಬಟ್ಟೆ ಹಿಂಡುತ್ತಾಳೆ.

"ಅವನಿಗಲ್ಲ ಅಜ್ಜಿ, ನಂಗೆ ಬೇಕು. ಇನ್ನೊಂದು ಸುಗ್ಗಿಗೆ ಅವನು ಗಟ್ಟಿಯಾಗಿರಲಿ. ಬಂದು ರೊಟ್ಟೀನ ನನ್ನ ಕೈಗೆ ಕೊಡಲಿ. ಅಷ್ಟೇ."